ತಡಮೆಯಲ್ಲಿ ನಿಂತವರು

ಜಗಳ ಹುಟ್ಟಿದ್ದು ಹಲಸಿನ ಸಿಪ್ಪೆಯಿಂದ. ಬೇಲಿಯಾಚೆಯ ಶೆಟ್ರ ತುಳುವ ಹಲಸು ಈ ವರ್ಷ ಬುಡದಿಂದ ತುದಿಯವರೆಗೆ ಜೋತುಬಿದ್ದಿದೆ. ಬಕ್ಕೆಯಾದರೆ ಹಪ್ಪಳಕ್ಕಾದರೂ ಆದೀತು. ತುಳುವ ಹಣ್ಣಿನ ಗಟ್ಟಿ ಎಷ್ಟು ದಿನ ತಿನ್ನುವುದು? ಈಗ ಅವರ ದನವೂ ಮುಖ ತಿರುಗಿಸುತ್ತಿದೆ. ಸಿಪ್ಪೆ, ಗೂಂಜು, ಕೊಳೆತ ಸೊಳೆ ಎಲ್ಲ ಬಂದು ಬೀಳುವುದು ಬೇಲಿಯ ಬುಡಕ್ಕೆ. ಅದರ ಬೆನ್ನಿಗೇ ನುಸಿ. ನಾನು ಚಹಾದ ಲೋಟ ಎತ್ತುವ ಮೊದಲು ಎರಡು ನುಸಿ ಅದರಲ್ಲಿ ಈಜಿ ಮುಗಿಸಿರುತ್ತವೆ.

"ಶೆಟ್ರೆ, ಈ ಸಿಪ್ಪೆ ಒಂಚೂರು ಆಚೆ ಹಾಕ್ಲಿಕ್ಕೆ ಆಗುದಿಲ್ವಾ?"

"ಸಿಪ್ಪೆ ನನ್ನದು, ಒಪ್ಪಿದೆ. ನುಸಿ ನಿಮ್ಮದಲ್ವಾ ಮಾಷ್ಟ್ರೆ? ಮೈಸೂರಲ್ಲಿ ಎರಡು ವರ್ಷ ನುಸಿ ಸಾಕಿದವರು ನೀವು. ಮಕ್ಕಳು ಮರಿ ಮಾಡಿಕೊಂಡು ನಿಮ್ಮನ್ನೇ ಹುಡುಕಿಕೊಂಡು ಬಂದಿವೆ ಅಂತ ಕಾಣ್ತದೆ."

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಸಾಕಿದ್ದು ನಿಜ.

ನಮ್ಮದು ಸಿದ್ಧಕಟ್ಟೆಯಿಂದ ಒಳಗೆ. ತೀರ್ವೆ ಕಟ್ಟುವುದು ಬಂಟ್ವಾಳಕ್ಕೆ, ಸಾಮಾನು ತರುವುದು ಮೂಡುಬಿದಿರೆಯಿಂದ, ನೆಂಟರೆಲ್ಲ ವೇಣೂರು, ಬೆಳ್ತಂಗಡಿ ಕಡೆ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಓದಿದ್ದು ಮಾನಸಗಂಗೋತ್ರಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲ, ಅಂದರೆ ಈ ನುಸಿ, ಮನೆದೇವರಿದ್ದ ಹಾಗೆ. ಅವುಗಳ ತಳಿ ಕಾಯುವ ಕೇಂದ್ರವೇ ಅಲ್ಲಿದೆ, ನಮ್ಮೂರಲ್ಲಿ ಬೀಜದ ಭತ್ತ ಕಾಯುವ ಹಾಗೆ. ಮೈಸೂರಿನ ಹೆಸರನ್ನೇ ಹೊತ್ತ ಡ್ರೊಸೊಫಿಲ ಮೈಸೂರೆನ್ಸಿಸ್ ಎಂಬ ಜಾತಿಯೂ ಇದೆ. ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಕೃಷಿಕರು ಸಿಟ್ಟಾಗಬಾರದು. ಮಾವಿನ ಹಣ್ಣಿನೊಳಗೆ ಹುಳ ಬಿಡುವ ನೊಣ ಬೇರೆ. ಅದು ಬ್ಯಾಕ್ಟ್ರೋಸೆರ, ನಿಜವಾದ ಪೋಕರಿ. ಇದು ಎರಡೂವರೆ ಮಿಲಿಮೀಟರಿನ ಕೆಂಪು ಕಣ್ಣಿನ ನುಸಿ, ಕೊಳೆತದ್ದರ ಮೇಲಿನ ಯೀಸ್ಟ್ ತಿಂದು ಬದುಕುವ ಪಾಪದ್ದು.

ರಜೆಗೆ ಊರಿಗೆ ಬಂದಾಗ ಬಾಟಲಿಯಲ್ಲಿ ಕಳಿತ ಬಾಳೆಹಣ್ಣು ಕಿವುಚಿ ತೋಟದ ಮರಕ್ಕೆ ಕಟ್ಟಿ ನುಸಿ ಹಿಡಿಯುತ್ತಿದ್ದೆ. ಪುತ್ತೂರು, ಸುಳ್ಯ, ಮಡಿಕೇರಿ ದಾರಿಯಲ್ಲಿ ಮೈಸೂರಿಗೆ ಬಸ್ಸು. ಮಡಿಲಲ್ಲಿ ಹತ್ತಿ ಮುಚ್ಚಿದ ಆರು ಬಾಟಲಿ. ಕಂಡಕ್ಟರು ಬಗ್ಗಿ ನೋಡಿ, "ಇದೆಂಥದ್ದು, ಜೇನಾ?" ಅಂತ ಕೇಳಿದ. ನುಸಿ ಎಂದೆ. ಟಿಕೇಟು ಹರಿಯುವ ಕೈ ಹಾಗೇ ನಿಂತಿತು. "ಮೈಸೂರಲ್ಲಿ ನುಸಿ ಇಲ್ವಾ ಮಾರಾಯಾ?" ಅದು ಇಡೀ ಬಸ್ಸಿಗೆ ಕೇಳಿತು. ಪ್ರಯೋಗಾಲಯದಲ್ಲಿ ಅವಕ್ಕೆ ಊಟವೆಂದು ಬೇಯಿಸುತ್ತಿದ್ದದ್ದು ಒಂದು ಲೀಟರು ನೀರಿಗೆ ನೂರು ಗ್ರಾಮು ಗೋಧಿ ರವೆ, ನೂರು ಗ್ರಾಮು ಬೆಲ್ಲ, ಹತ್ತು ಗ್ರಾಮು ಅಗರ್, ಬೂಸಲು ಬಾರದಂತೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಆಮ್ಲ ಹಾಕುವ ಮೊದಲು ಮೂಸಿದರೆ ನಮ್ಮ ಸಜ್ಜಿಗೆಯೇ. ಹಾಸ್ಟೆಲಿನ ತಿಂಡಿಗಿಂತ ಮೇಲಿತ್ತು ಎಂದು ಆಣೆ ಹಾಕಿ ಹೇಳಬಲ್ಲೆ. ತಿಂದು ನೋಡಿದ್ದೆಯಾ ಎಂದು ಯಾರೂ ಕೇಳಬಾರದು.

ನಮ್ಮ ಬೇಲಿ ಎಂದರೆ ಮುರಕಲ್ಲಿನ ಗಿಡ್ಡ ಅಗರು, ಅದರ ಮೇಲೆ ಗೊಬ್ಬರದ ಗಿಡ, ಗಿಡಕ್ಕೆ ಹಬ್ಬಿದ ನಸುಗುನ್ನಿ ಬಳ್ಳಿ. ನಡುವೆ ಒಂದು ಓಣಿ. ಓಣಿಯ ಅವರ ಬದಿಗೊಂದು ತಡಮೆ, ನನ್ನ ಬದಿಗೊಂದು ತಡಮೆ. ದನ ತೋಟಕ್ಕೆ ನುಗ್ಗಬಾರದೆಂದು ಹಿರಿಯರು ಮಾಡಿದ ಏರ್ಪಾಡು: ಒಂದು ದಾಟಿ, ಅದರ ಗಳು ಸರಿಸಿ ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು. ಎರಡನ್ನೂ ಒಟ್ಟಿಗೆ ತೆರೆದರೆ ಕರು ಬಸಳೆ ಚಪ್ಪರದಲ್ಲಿರುತ್ತದೆ. ಶೆಟ್ರ ಅಭ್ಯಾಸ ಏನೆಂದರೆ ಬೆಳಿಗ್ಗೆ ಎಲೆಯಡಿಕೆ ಬಾಯಿಗೆ ಹಾಕಿ ಪೇಪರು ಹಿಡಿದು ಓಣಿಯ ನಡುವೆ ಬಂದು ನಿಲ್ಲುವುದು. ಆಗ ದನವೂ ಹೋಗುವ ಹಾಗಿಲ್ಲ, ಹಾಲು ತರುವ ಹುಡುಗನೂ ಬರುವ ಹಾಗಿಲ್ಲ.

ಅವತ್ತೂ ಹಾಗೇ ನಿಂತಿದ್ದರು. "ಇವತ್ತೂ ಉಂಟು ಎಂಡಿಎಂಎ. ದಿನಾ ಬರ್ತದೆ ಪೇಪರಲ್ಲಿ, ಅಡಿಕೆ ಧಾರಣೆಯ ಹಾಗೆ. ಗಡಂಗಿನ ಸಂಗತಿ ನಮಗೆ ಗೊತ್ತುಂಟು, ಕುಡಿದ್ರೆ ಬೀಳ್ತಾರೆ. ಇದು ತಿಂದ್ರೆ ಎಂಥ ಆಗುದು? ನಿದ್ದೆಯೇ ಬರುದಿಲ್ಲ ಅಂತಾರಲ್ಲ?"

"ಅದು ಗೊತ್ತಾಗ್ಬೇಕಾದ್ರೆ ನಿಮ್ಮ ಸಿಪ್ಪೆ ಮೇಲೆ ಕೂತಿದೆಯಲ್ಲ, ಅದನ್ನು ಕೇಳ್ಬೇಕು ಶೆಟ್ರೆ."

ತಮಾಷೆ ಅಂದುಕೊಂಡರು. ತಮಾಷೆಯಲ್ಲ. ನುಸಿಯ ತಲೆಯಲ್ಲೂ ಮಿದುಳಿದೆ, ಗಸಗಸೆ ಕಾಳಿನಷ್ಟು. 2024ರಲ್ಲಿ ಒಂದು ಹೆಣ್ಣು ನುಸಿಯ ಮಿದುಳಿನ ನಕ್ಷೆಯನ್ನು ಪೂರ್ತಿ ಬಿಡಿಸಿ ಮುಗಿಸಿದರು, ನರಕೋಶ 1,39,255. ಅದರಲ್ಲಿ ಡೋಪಮಿನ್ ಎಂಬ ರಸ ಬಳಸುವವು ಬರೇ ಕೆಲವು ನೂರು. ಆ ಕೆಲವು ನೂರರ ಕೈಯಲ್ಲಿ ನುಸಿಯ ನಡಿಗೆ, ಎಚ್ಚರ, ಕಲಿಕೆ, ಆಸೆ ಎಲ್ಲ. ಮನುಷ್ಯನಲ್ಲೂ ಡೋಪಮಿನ್ನಿನ ಕಾರುಬಾರು ಇದೇ.

"ಒಂದು ನರಕ್ಕೂ ಇನ್ನೊಂದು ನರಕ್ಕೂ ನಡುವೆ ಓಣಿ ಉಂಟು. ಅಂಟಿಕೊಂಡಿರುದಿಲ್ಲ. ಈಚಿನದ್ದು ಓಣಿಗೆ ಡೋಪಮಿನ್ ಚೆಲ್ತದೆ, ಆಚಿನದ್ದಕ್ಕೆ ಅದು ತಾಗಿದಾಗ ಸುದ್ದಿ ಗೊತ್ತಾಗ್ತದೆ. ಸುದ್ದಿ ಹೇಳಿ ಆದ ಮೇಲೆ ಚೆಲ್ಲಿದ್ದನ್ನು ಹೆಕ್ಕಿ ವಾಪಸು ಒಳಗೆ ತರ್ಬೇಕು. ಇಲ್ಲದಿದ್ರೆ ಹೇಳಿದ್ದನ್ನೇ ಹೇಳ್ತಾ ಇರ್ತದೆ."

"ಕೋಲದ ಮರುದಿನವೂ ಆಫ್ ಮಾಡದ ಮೈಕಿನ ಹಾಗೆ."

"ಹಾಗೇ. ಆ ಹೆಕ್ಕುವ ಆಳಿಗೆ ಡೋಪಮಿನ್ ಸಾಗಣೆಗಾರ ಅಂತ ಹೆಸರು."

ಹೆಕ್ಕುವ ಆಳು ಎಂದ ಕೂಡಲೇ ಶೆಟ್ರಿಗೆ ಸಂಬಳದ ನೆನಪಾಯಿತು. "ಅವನಿಗೆ ದಿನಕ್ಕೆಷ್ಟು?"

ಉಪ್ಪು, ಎಂದೆ. ಇದು ನಿಜಕ್ಕೂ ಉಪ್ಪಿನ ಲೆಕ್ಕ. ನರಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಒಂದು ಡೋಪಮಿನ್ ಒಳಗೆ ಬರಬೇಕಾದರೆ ಜೊತೆಗೆ ಎರಡು ಸೋಡಿಯಂ, ಒಂದು ಕ್ಲೋರೈಡು. ಒಳಕ್ಕೆ ನುಗ್ಗುವ ಸೋಡಿಯಮ್ಮಿನ ರಭಸವೇ ಡೋಪಮಿನ್ನನ್ನು ಎಳೆದು ತರುತ್ತದೆ, ಗುಡ್ಡದ ಸುರಂಗದಿಂದ ಪಂಪಿಲ್ಲದೆ ನೀರು ಬರುವ ಹಾಗೆ. ಹಾಗಂತ ಪೂರಾ ಧರ್ಮಕ್ಕಲ್ಲ. ಒಳಗೆ ಬಂದ ಸೋಡಿಯಮ್ಮನ್ನು ಮತ್ತೆ ಹೊರಗೆ ಎತ್ತಿ ಹಾಕಲು ಬೇರೊಂದು ಪಂಪಿದೆ, ಕರೆಂಟು ಬಿಲ್ಲು ಅಲ್ಲಿ ಬರುತ್ತದೆ. ಇನ್ನು ಸಾಗಣೆಗಾರನ ರಚನೆ ನೋಡಿದರೆ ನಮ್ಮ ಓಣಿಯೇ: ಹೊರಗೊಂದು ತಡಮೆ, ಒಳಗೊಂದು ತಡಮೆ, ನಡುವೆ ಡೋಪಮಿನ್ ಒಂದು ಕ್ಷಣ ಕೂರುವಷ್ಟು ಜಾಗ. ಹೊರಗಿನದ್ದು ಮುಚ್ಚಿದ ಮೇಲೆಯೇ ಒಳಗಿನದ್ದು ತೆರೆಯುವುದು.

ಈ ತಡಮೆಗಳನ್ನು ಕಣ್ಣಾರೆ ಕಂಡ ಕಥೆಯಲ್ಲಿ ನಮ್ಮ ಬೆಂಗಳೂರೂ ಬರುತ್ತದೆ, ಅದಕ್ಕೇ ಹೇಳಲು ನನಗೆ ಹುಮ್ಮಸ್ಸು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಎರಿಕ್ ಗೂವೋ ಎಂಬವರ ಪ್ರಯೋಗಾಲಯ. ಅಲ್ಲಿ ಅರವಿಂದ ಪೆನ್ಮತ್ಸ ಮತ್ತು ಸಂಗಡಿಗರು ಡೋಪಮಿನ್ ಸಾಗಣೆಗಾರನನ್ನು ಹರಳುಗಟ್ಟಿಸಲು ಹೊರಟರು. ಕಲ್ಲುಸಕ್ಕರೆ ಗಟ್ಟಿಸಿದಷ್ಟು ಸುಲಭವಲ್ಲ. ಕೋಶದ ಪೊರೆಯೊಳಗೆ ಹುದುಗಿರುವ ಪ್ರೋಟೀನು ಅದು, ಹೊರಗೆ ತೆಗೆದರೆ ಮುದ್ದೆಯಾಗಿ ಕೂರುತ್ತದೆ. ಮನುಷ್ಯನದ್ದು ಹತ್ತಿರ ಸೇರಿಸಲಿಲ್ಲ. ಬಗ್ಗಿದ್ದು ನುಸಿಯದ್ದು, ಅದೂ ನಾಲ್ಕೈದು ಕಡೆ ಅಷ್ಟಿಷ್ಟು ಬದಲಿಸಿ ಸೆಕೆ ತಡೆಯುವ ಹಾಗೆ ಮಾಡಿದ ಮೇಲೆ. ಆ ಹರಳಿಗೆ ಎಕ್ಸ್‌ರೇ ಹಾಯಿಸಿ, ಖಿನ್ನತೆಯ ಮದ್ದೊಂದು ತಡಮೆಯ ನಡುವೆ ಸಿಕ್ಕಿಕೊಂಡಿರುವುದನ್ನು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. 2015ರಲ್ಲಿ ಎರಡನೆಯ ಕಂತು: ಅದೇ ಜಾಗದಲ್ಲಿ ಡೋಪಮಿನ್, ಕೊಕೇನ್, ಆಂಫೆಟಮಿನ್, ಮೆಥಾಂಫೆಟಮಿನ್, ಒಂದೊಂದಾಗಿ ಕೂರಿಸಿ ತೆಗೆದ ಪಟ. ಮನುಷ್ಯನ ಸಾಗಣೆಗಾರನ ಪಟ ಸಿಗಲು 2024 ಬರಬೇಕಾಯಿತು. ಅಷ್ಟು ವರ್ಷ ಮದ್ದಿನ ಕಂಪೆನಿಯವರು, ಮನೋವೈದ್ಯದ ಪಂಡಿತರು ಎಲ್ಲ ನೋಡಿಕೊಂಡದ್ದು ಹಲಸಿನ ಸಿಪ್ಪೆಯ ಮೇಲೆ ಕೂರುವ ಈ ಪ್ರಾಣಿಯ ಬಾಗಿಲನ್ನು. ಪೆನ್ಮತ್ಸ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಅವರ ತಂಡ ನುಸಿಯ ಈ ಬಾಗಿಲನ್ನೇ ಇಟ್ಟುಕೊಂಡು ನಮ್ಮಲ್ಲಿರುವ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಸದ ಬಾಗಿಲಿನಲ್ಲಿ ನೋವಿನ ಮದ್ದುಗಳು ಹೇಗೆ ಕೂರುತ್ತವೆ ಎಂದು 2021ರಲ್ಲಿ ಬಿಡಿಸಿ ಹೇಳಿತು. ನುಸಿಗೆ ನಾರ್‌ಅಡ್ರಿನಲಿನ್ ಇಲ್ಲವೇ ಇಲ್ಲ, ಆ ಕೆಲಸಕ್ಕೆ ಅದರಲ್ಲಿ ಆಕ್ಟೋಪಮಿನ್ ಇದೆ. ಆದರೂ ಅದರ ಡೋಪಮಿನ್ ಬಾಗಿಲಿನ ಗುಣ ನಮ್ಮ ನಾರ್‌ಅಡ್ರಿನಲಿನ್ ಬಾಗಿಲನ್ನು ಹೋಲುತ್ತದೆ. ಅಜ್ಜನ ಮೂಗು ಮೊಮ್ಮಗನಿಗೆ ಬಾರದೆ ತಂಗಿಯ ಮಗನಿಗೆ ಬರುವುದುಂಟಲ್ಲ, ಹಾಗೆ.

"ಅದೆಲ್ಲ ಇರ್ಲಿ. ಕೊಕೇನ್ ಎಂಥ ಮಾಡ್ತದೆ ಅದು ಹೇಳಿ."

"ಎಂಥದೂ ಮಾಡುದಿಲ್ಲ. ಎರಡು ತಡಮೆಯ ನಡುವೆ ಬಂದು ನಿಲ್ತದೆ, ಅಷ್ಟೆ. ಹೊರಗಿನದ್ದು ಮುಚ್ಲಿಕ್ಕೆ ಬಿಡುದಿಲ್ಲ, ಹಾಗಾಗಿ ಒಳಗಿನದ್ದು ತೆರೆಯುದಿಲ್ಲ. ತಾನೂ ಒಳಗೆ ಹೋಗುದಿಲ್ಲ, ಹೋಗುವವರಿಗೂ ದಾರಿ ಇಲ್ಲ. ನರಗಳ ನಡುವಿನ ಓಣಿಯಲ್ಲಿ ಡೋಪಮಿನ್ ಹಾಗೇ ತುಂಬ್ತದೆ."

"ಹಾಗೂ ನಿಲ್ಲುವವರು ಉಂಟಾ?"

ನಾನು ಅವರ ಕಾಲಿನ ಕಡೆ ನೋಡಿದೆ. ಅವರೂ ನೋಡಿಕೊಂಡರು. ಹಾಲಿನ ಹುಡುಗ ಹಿಂದೆ ಸೈಕಲ್ಲು ಹಿಡಿದು ನಿಂತಿದ್ದ. ಶೆಟ್ರು ಅರ್ಧ ಅಡಿ ಸರಿದರು, ಹುಡುಗ ದಾಟಿದ, ಅವರು ಮತ್ತೆ ಅಲ್ಲೇ.

ಆಂಫೆಟಮಿನ್ ಜಾತಿಯದ್ದು ಇನ್ನೂ ಚಾಲಾಕಿ. ಅದು ನೋಡಲು ಡೋಪಮಿನ್ನಿನ ಹಾಗೇ ಇರುವುದರಿಂದ ಸಾಗಣೆಗಾರ ಅದನ್ನು ತಮ್ಮವನೆಂದೇ ತಿಳಿದು ಒಳಗೆ ಬಿಡುತ್ತಾನೆ. ಒಳಗೆ ಡೋಪಮಿನ್ನನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಇಟ್ಟಿರುತ್ತದೆ. ಇದು ಆ ಚೀಲಗಳಿಗೂ ನುಗ್ಗಿ ಅವುಗಳ ಹುಳಿಯನ್ನು ಕಳೆಯುತ್ತದೆ. ನುಸಿಯ ಮಿದುಳಿನ ಚೀಲಗಳಲ್ಲಿ ಇದನ್ನು ಬೆಳಕು ಮಾಡಿ ನೋಡಿದ್ದು 2016ರಲ್ಲಿ. ಹುಳಿ ಹೋದರೆ ಚೀಲದಲ್ಲಿ ಡೋಪಮಿನ್ ನಿಲ್ಲುವುದಿಲ್ಲ, ಮನೆಯೊಳಗೆಲ್ಲ ಚೆಲ್ಲುತ್ತದೆ. ಕೊನೆಗೆ ಹೆಕ್ಕುವ ಆಳೇ ಬುಟ್ಟಿಗಟ್ಟಲೆ ಒಳಗಿನದ್ದನ್ನು ಅಂಗಳಕ್ಕೆ ತಂದು ಸುರಿಯಲು ತೊಡಗುತ್ತಾನೆ. ಶೆಟ್ರ ಪೇಪರಿನ ಎಂಡಿಎಂಎ ಕೂಡ ಇದೇ ಕುಟುಂಬದ್ದು. ಅದರ ಹೆಚ್ಚಿನ ದಾಳಿ ಪಕ್ಕದ ಸೆರೊಟೋನಿನ್ ಬಾಗಿಲಿನ ಮೇಲೆ, ಕಸುಬು ಮಾತ್ರ ಒಂದೇ.

"ಅಂದ್ರೆ ಹೊರಗಿಂದ ಸುಖ ತಂದು ಕೊಡುದಲ್ಲ?"

"ನಮ್ಮ ಮನೆಯದ್ದೇ ಭತ್ತ. ಕಳ್ಳ ಬಂದು ನಮಗೇ ಊಟ ಹಾಕಿದ ಹಾಗೆ."

ಶೆಟ್ರು ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದರು. ಅವರಿಗೆ ಲೆಕ್ಕ ಬೇಗ ಗೊತ್ತಾಗುತ್ತದೆ, ತಲೆಮಾರಿನಿಂದ ಅಡಿಕೆ ಮಾರಿದ ಮನೆ. "ಹಾಗಾದ್ರೆ ಮರುದಿನ ಕಣಜ ಖಾಲಿ." ನನ್ನ ತರಗತಿಗಳಲ್ಲಿ ಇಷ್ಟು ಬೇಗ ಇಲ್ಲಿಗೆ ಬಂದ ವಿದ್ಯಾರ್ಥಿ ಕಡಿಮೆ.

ನುಸಿಗೆ ಕೊಕೇನ್ ಕೊಟ್ಟು ನೋಡಿದ್ದೂ ಹಳೆಯ ಮಾತೇ. 1998ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅದರ ಆವಿಯನ್ನು ನುಸಿಗಳ ಮೇಲೆ ಬಿಟ್ಟರು. ಸ್ವಲ್ಪ ಕೊಟ್ಟಾಗ ಮೈ ಉಜ್ಜಿಕೊಂಡದ್ದೇ ಉಜ್ಜಿಕೊಂಡದ್ದು. ಇನ್ನೂ ಸ್ವಲ್ಪಕ್ಕೆ ಸುತ್ತು ಹಾಕತೊಡಗಿದವು, ಏಡಿಯ ಹಾಗೆ ಅಡ್ಡ ನಡೆದವು, ಹಿಂದೆ ಹಿಂದೆ ನಡೆದವು. ಹೆಚ್ಚಾದಾಗ ಮಗುಚಿದವು. ಮತ್ತೆ ಮತ್ತೆ ಕೊಟ್ಟಂತೆ ಅಷ್ಟೇ ಮದ್ದಿಗೆ ಆಟ ಹೆಚ್ಚಾಯಿತು. ನುಸಿ ಹೀಗೆ ಹಿಮ್ಮುಖ ನಡೆಯುವುದನ್ನು ನಾನು ಅಂಗಳದಲ್ಲಿ ಎರಡು ಹೆಜ್ಜೆ ನಡೆದು ತೋರಿಸಿದೆ. ಅಷ್ಟರಲ್ಲಿ ನನ್ನ ಮನೆಯವಳು ಜಗಲಿಗೆ ಬಂದು ನೋಡಿ ಏನೂ ಹೇಳದೆ ಒಳಗೆ ಹೋದಳು.

ನಿದ್ದೆಯ ಪ್ರಶ್ನೆ ಬಾಕಿ ಇತ್ತಲ್ಲ. ನುಸಿಗೂ ನಿದ್ದೆ ಉಂಟು. ಐದು ನಿಮಿಷ ಅಲ್ಲಾಡದೆ ಇದ್ದರೆ ಮಲಗಿದೆ ಎಂದು ಲೆಕ್ಕ. ಜಪಾನಿನಲ್ಲಿ ನಿದ್ದೆ ತೀರಾ ಕಡಿಮೆಯ ಒಂದು ತಳಿ ಸಿಕ್ಕಿತು. ಫುಮಿನ್ ಎಂದು ಹೆಸರಿಟ್ಟರು, ಅವರ ಭಾಷೆಯಲ್ಲಿ ನಿದ್ರಾಹೀನ ಎಂದರ್ಥ. ಯಾಕೆಂದು ಹುಡುಕಿದಾಗ ಅದರ ಡೋಪಮಿನ್ ಸಾಗಣೆಗಾರನೇ ಕೆಟ್ಟಿದ್ದ, ಇದು 2005ರ ಮಾತು. ಯಾವ ಮದ್ದೂ ತಿನ್ನದೆ ಹುಟ್ಟಿನಿಂದಲೇ ರಾತ್ರಿಯಿಡೀ ಆಟ ನೋಡುವ ಪೈಕಿ. ನಾವು ಬಯಲಾಟದಲ್ಲಿ ಮೂರು ಗಂಟೆಗೆ ಚಹಾ ಕುಡಿದು ಕಣ್ಣು ತೆರೆದಿಡಬೇಕು, ಇದಕ್ಕೆ ಚೆಂಡೆಯೂ ಬೇಡ. ಆಮೇಲೆ ಇಂಥ ಬಾಗಿಲಿಲ್ಲದ ನುಸಿಗೆ ಮನುಷ್ಯನ ಬಾಗಿಲಿನ ಜೀನು ಕೂರಿಸಿಯೂ ನೋಡಿದ್ದಾರೆ. ಅದು ಅಲ್ಲಿ ಕೆಲಸ ಮಾಡುತ್ತದೆ. ವೇಣೂರಿನ ಬಾಗಿಲು ಕಿತ್ತು ತಂದು ಮೂಡುಬಿದಿರೆಯ ಮನೆಯ ದಾರಂದಕ್ಕೆ ಇಟ್ಟರೆ ಹೀಗೆ ಕೂತುಕೊಳ್ಳುವುದು ನನಗೆ ಅನುಮಾನ.

"ಈ ಡೋಪಮಿನ್ ಅಂಗಡಿಯಲ್ಲಿ ಸಿಗ್ತದಾ?"

"ನಿಮ್ಮ ಬಾಳೆಗೊನೆಯಲ್ಲೇ ಉಂಟು. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುದು ಅದರಿಂದಲೇ. ನುಸಿಯ ಬೆನ್ನು ಕಪ್ಪಾಗ್ಲಿಕ್ಕೂ ಡೋಪಮಿನ್ ಬೇಕು."

"ಹಾಗಾದ್ರೆ ಸಿಪ್ಪೆ ತಿಂದ್ರೆ ಸಾಕಲ್ಲ!"

"ರಕ್ತದಿಂದ ಮಿದುಳಿಗೆ ಹೋಗುವಲ್ಲಿ ತಲಪಾಡಿಯ ಹಾಗೆ ಚೆಕ್‌ಪೋಸ್ಟು ಉಂಟು ಶೆಟ್ರೆ. ಡೋಪಮಿನ್ನನ್ನು ಬಿಡುದಿಲ್ಲ. ಅದರ ಕಚ್ಚಾ ಮಾಲು ಎಲ್-ಡೋಪಾ ಹೋಗ್ತದೆ. ಅದು ಎಲ್ಲುಂಟು ಗೊತ್ತುಂಟಾ? ನಿಮ್ಮ ಬೆನ್ನ ಹಿಂದೆ."

ಶೆಟ್ರು ಹಾರಿ ತಿರುಗಿದರು, ಯಾಕೆಂದರೆ ಬೆನ್ನ ಹಿಂದೆ ಇದ್ದದ್ದು ನಸುಗುನ್ನಿ. ಅದರ ಕೋಡಿನ ರೋಮ ತಾಗಿದರೆ ಸಂಜೆಯವರೆಗೆ ಮೈ ಪರಚಬೇಕು. ಅದರ ಬೀಜದಲ್ಲಿರುವುದು ಎಲ್-ಡೋಪಾ, ಕೈನಡುಗುವ ಪಾರ್ಕಿನ್ಸನ್ ರೋಗಕ್ಕೆ ಇವತ್ತಿಗೂ ಮುಖ್ಯ ಮದ್ದು. ಚಾರ್ಮಾಡಿಯ ಕಡೆ ನೆರಳಲ್ಲಿ ಬೆಳೆಯುವ ಸರ್ಪಗಂಧದ ಬೇರಿನಲ್ಲಿರುವುದು ಸರಿ ತಿರುಗಾ: ರಿಸರ್ಪಿನ್. ಅದು ಚೀಲ ತುಂಬುವ ಆಳಿನ ಕೈ ಕಟ್ಟುತ್ತದೆ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಈ ಬೇರು ರಕ್ತದೊತ್ತಡ ಇಳಿಸುತ್ತದೆಂದು 1949ರಲ್ಲಿ ಲೋಕಕ್ಕೆ ಸಾರಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಕ್ಕೆ ರಿಸರ್ಪಿನ್ ಕೊಟ್ಟರು. ಮೊಲ ಕಿವಿ ಜೋತು ಕಲ್ಲಿನ ಹಾಗೆ ಕೂತಿತು. ಎಲ್-ಡೋಪಾ ಚುಚ್ಚಿದರು, ಎದ್ದು ಓಡಾಡಿತು. ಡೋಪಮಿನ್ನಿಗೆ ಅದರದ್ದೇ ಕೆಲಸ ಇದೆಯೆಂದು ಒಪ್ಪಿಸಿದ್ದು ಆ ಮೊಲ. 2000ದಲ್ಲಿ ನೊಬೆಲ್ ಬಂದದ್ದು ಮಾತ್ರ ಕಾರ್ಲ್‌ಸನ್ನರಿಗೆ.

ಇನ್ನು ಅಡಿಕೆ. ಈ ತಾಲೂಕಿನಲ್ಲಿ, ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರವೇ ಇರುವಾಗ, ಅಡಿಕೆಯ ಮೇಲೆ ಮಾತಾಡುವುದು ಜಾಗ್ರತೆಯ ಕೆಲಸ. ಅಡಿಕೆಯ ಅರೆಕೊಲಿನ್ ಡೋಪಮಿನ್ ತಡಮೆಗೆ ಹೋಗುವುದಿಲ್ಲ, ಅಸಿಟೈಲ್‌ಕೋಲಿನ್ ಎಂಬ ಬೇರೆಯೇ ರಸದ ವೇಷ ಹಾಕುತ್ತದೆ. ಅಡಿಕೆಯಲ್ಲಿ ಗುವಸಿನ್ ಎಂಬ ಇನ್ನೊಂದಿದೆ. ಸಂಸ್ಕೃತದ ಗುವಾಕ ಎಂದರೆ ಅಡಿಕೆ, ಅದರಿಂದ ಬಂದ ಹೆಸರು. ಅದು ಡೋಪಮಿನ್ ಸಾಗಣೆಗಾರನ ದಾಯಾದಿಯಾದ, ಗಾಬಾ ಎಂಬ ಮತ್ತೊಂದು ರಸದ ಸಾಗಣೆಗಾರನ ದಾರಿಗೆ ಅಡ್ಡ ನಿಲ್ಲುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅದರ ಜಾಡು ಹಿಡಿದು ಹೋದವರಿಗೆ ಟಿಯಾಗಬಿನ್ ಎಂಬ ಅಪಸ್ಮಾರದ ಮದ್ದು ಸಿಕ್ಕಿತು. ಶೆಟ್ರಿಗೆ ಇದು ಬಹಳ ಖುಷಿಯಾಯಿತು. ಇದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲಿ ಕ್ಯಾನ್ಸರ್ ತರುವವುಗಳ ಮೊದಲ ಪಟ್ಟಿಗೆ ಹಾಕಿದ್ದಾರೆಂದು ನೆನಪಿಸಿದಾಗ ಖುಷಿ ಅರ್ಧಕ್ಕಿಳಿಯಿತು. "ಅದು ಹೊಗೆಸೊಪ್ಪಿಂದ" ಎಂದರು. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಹಾಕಿದ್ದಾರೆ ಎಂದೆ. ಮೋಡ ನೋಡಿದರು. "ಮಳೆ ಬರುವ ಹಾಗುಂಟು. ತೋಟಕ್ಕೆ ಮದ್ದು ಬಿಡ್ಬೇಕು."

ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುವ ಸಂಗತಿ ಇದಲ್ಲ, ಬೇರೆ. ಕೋಕಾ ಗಿಡ ಕೊಕೇನನ್ನು ಯಾಕೆ ಮಾಡಿಕೊಳ್ಳುತ್ತದೆ? ನಮ್ಮ ಶೋಕಿಗಲ್ಲ. ಎಲೆಯಲ್ಲಿ ಸಹಜವಾಗಿರುವಷ್ಟೇ ಕೊಕೇನ್ ಹುಳಗಳನ್ನು ಕೊಲ್ಲುತ್ತದೆಂದು, ಅದೂ ಮುಖ್ಯವಾಗಿ ಅವುಗಳ ಆಕ್ಟೋಪಮಿನ್ ಹೆಕ್ಕುವ ಬಾಗಿಲಿಗೆ ಅಡ್ಡ ನಿಂತು ಕೊಲ್ಲುತ್ತದೆಂದು 1993ರಲ್ಲಿ ತೋರಿಸಿದ್ದಾರೆ. ನಿಕೋಟಿನ್ ಕೂಡ ಹೊಗೆಸೊಪ್ಪಿನ ಗಿಡ ಹುಳಕ್ಕೆಂದು ಕಟ್ಟಿಟ್ಟ ವಿಷ. ಗಿಡ ತನ್ನನ್ನು ತಿನ್ನಲು ಬಂದ ಹುಳದ ತಡಮೆಗೆ ಕೋಲು ಹೂಡಿತು. ಹುಳದ ತಡಮೆಯೂ ನಮ್ಮ ತಡಮೆಯೂ ಒಂದೇ ಬಡಗಿ ಮಾಡಿದ್ದಾದ್ದರಿಂದ ಅದು ನಮಗೂ ಸಿಕ್ಕಿಕೊಂಡಿತು. ಹುಳ ಸಣ್ಣದು, ಸತ್ತಿತು. ನಾವು ದೊಡ್ಡವರು, ಸಾಯದೆ ಉಳಿದವರು ಅದಕ್ಕೆ ಮಜಾ ಎಂದು ಹೆಸರಿಟ್ಟೆವು. ಇದನ್ನು ಶೆಟ್ರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ.

ಅಷ್ಟರಲ್ಲಿ ಆಚೆಯಿಂದ ಶೆಟ್ರ ಮನೆಯ ಅಕ್ಕನ ಸ್ವರ. ಕೈಯಲ್ಲಿ ಸೋಪಿನ ನೀರಿನ ಬಕೆಟು, ಹಳೆಯ ಸ್ಪ್ರೇ ಬಾಟಲಿ.

"ಇಲ್ಲಿ ಕೇಳಿ, ಹೊಗೆಸೊಪ್ಪು ಎಲ್ಲಿಟ್ಟಿದ್ದೀರಿ? ಅಲಸಂಡೆಗೆ ಪೂರಾ ಹೇನು ಹತ್ತಿದೆ. ಕಷಾಯ ಮಾಡಿ ಬಿಡ್ಬೇಕು."

ಶೆಟ್ರು ಸೊಂಟದಿಂದ ಪೊಟ್ಟಣ ತೆಗೆದರು. ಬಿಚ್ಚಿದರು. ನನ್ನನ್ನೊಮ್ಮೆ ನೋಡಿ, ಒಂದು ಎಸಳು ಮುರಿದು ಎಡಗೈಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ತಡಮೆಯ ಮೇಲಿನಿಂದ ಅಕ್ಕನಿಗೆ ದಾಟಿಸಿದರು.

"ಇಷ್ಟೇ ಸಾಕಾ?"

"ಇದರಲ್ಲಿ ಅರ್ಧ ಸಾಕು. ಹೆಚ್ಚಾದ್ರೆ ಜೇನೂ ಸಾಯ್ತದೆ."

ಅಕ್ಕ ಹೋದರು. ಶೆಟ್ರು ಎಡಗೈಯ ಎಸಳನ್ನು ನೋಡುತ್ತ ಅಲ್ಲೇ, ಎರಡು ತಡಮೆಯ ನಡುವೆ, ನಿಂತರು. ಸಿಪ್ಪೆಯ ಮಾತು ನಾಳೆಗೆ ಉಳಿಯಿತು.